ಸಿಫ್ನೋಸ್, ಸೆರಿಫೋಸ್, ಊರಿಗಾಂ

ಗ್ರೀಸಿಗೆ ಹೋಗಿಬಂದವರು ಈಗ ನಮ್ಮ ನಡುವೆ ಅಪರೂಪವೇನಲ್ಲ. ಸ್ಯಾಂಟೊರಿನಿ, ಮಿಕೊನೋಸ್‌ಗಳ ಬಿಳಿಗೋಡೆ, ನೀಲಿ ಗುಮ್ಮಟ, ನೂಕುನುಗ್ಗಲು ಸಾಕಾಯಿತು ಎನ್ನುವವರಿಗಾಗಿ ಪ್ರವಾಸದ ಪುಟಗಳು ಇನ್ನೊಂದು ಪಟ್ಟಿ ಕೊಡುತ್ತವೆ. ಅದರಲ್ಲಿ ಸಿಫ್ನೋಸ್ ಇದೆ, ಸೆರಿಫೋಸ್ ಇದೆ, ಫೊಲೆಗಾಂಡ್ರೋಸ್, ಅನಾಫಿ ಇವೆ. ಇಲ್ಲೆಲ್ಲೂ ವಿಮಾನ ನಿಲ್ದಾಣವಿಲ್ಲ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಹಡಗು ಹತ್ತಬೇಕು. ಸದ್ದಿಲ್ಲದ, ಇನ್ನೂ ಕೆಡದ, ಯಾರ ಕೈಯೂ ಸೋಕದ ದ್ವೀಪಗಳು ಎಂದು ಬಣ್ಣನೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗಳು ಇಂಥದೊಂದು ಪಟ್ಟಿಯನ್ನು ಮೊಬೈಲಿಗೆ ಕಳಿಸಿ, ಮುಂದಿನ ವರ್ಷ ಎಲ್ಲರೂ ಹೋಗಿ ಒಂದು ವಾರ ಸುಮ್ಮನೆ ಕೂತು ಬರೋಣ ಎಂದಿದ್ದಳು. ಜೊತೆಗಿದ್ದ ಚಿತ್ರಗಳಲ್ಲಿ ಒಂದು ಸೆರಿಫೋಸ್ ದ್ವೀಪದ ಮೆಗಾಲೊ ಲಿವಾದಿ ಎಂಬ ಕಡಲತೀರದ್ದು. ತಿಳಿನೀರು, ನಾಲ್ಕು ಮರ, ನೀರಿನ ಮೇಲೆ ಚಾಚಿಕೊಂಡು ಅರ್ಧಕ್ಕೇ ನಿಂತ ತುಕ್ಕು ಹಿಡಿದ ಕಬ್ಬಿಣದ ಸೇತುವೆ. ಅದೇನೆಂದು ಚಿತ್ರದ ಕೆಳಗೆ ಬರೆದಿರಲಿಲ್ಲ. ಊರಿಗಾಂನಲ್ಲಿ ಬೆಳೆದವನಿಗೆ ಬರೆದು ಹೇಳಬೇಕಾಗಿಯೂ ಇಲ್ಲ. ಅದು ಅದಿರು ಸುರಿಯುವ ಸೇತುವೆ. ಅದಿರಿನ ಡಬ್ಬಿಗಳು ಹಳಿಯ ಮೇಲೆ ಬಂದು, ತುದಿಯಲ್ಲಿ ನಿಂತ ಹಡಗಿನೊಳಕ್ಕೆ ಬೋರಲಾಗುತ್ತಿದ್ದವು.

ಅಲ್ಲಿಂದ ನನ್ನ ಓದು ಶುರುವಾಯಿತು. ಪಟ್ಟಿಯಲ್ಲಿದ್ದ ಒಂದೊಂದೇ ದ್ವೀಪದ ಹಿಂದಿನ ಕಥೆ ಹುಡುಕಿದೆ. ಫೊಲೆಗಾಂಡ್ರೋಸ್ ಮತ್ತು ಅನಾಫಿ ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಗ್ರೀಸ್ ಸರ್ಕಾರ ತನಗಾಗದ ರಾಜಕೀಯದವರನ್ನು ಗಡೀಪಾರು ಮಾಡುತ್ತಿದ್ದ ಜಾಗಗಳು. ದೂರ, ಬರಡು, ತಪ್ಪಿಸಿಕೊಳ್ಳಲು ದಾರಿಯಿಲ್ಲ, ಹಾಗಾಗಿ ಆರಿಸಿಕೊಂಡರು. ಇಂದು ಪ್ರವಾಸಿಯನ್ನು ಕರೆಯುವ ಗುಣಗಳೂ ಹೆಚ್ಚುಕಡಿಮೆ ಅವೇ. ಸಿಫ್ನೋಸ್ ಮತ್ತು ಸೆರಿಫೋಸ್‌ಗಳದು ಬೇರೆ ಕಥೆ. ಅವೆರಡೂ ಗಣಿಯ ಊರುಗಳು. ಅವುಗಳ ಬಗ್ಗೆ ಓದುತ್ತ ಹೋದಂತೆ ನಮ್ಮೂರನ್ನೇ ಓದಿದಂತಾಯಿತು.

ಸಿಫ್ನೋಸಿನ ಸುದ್ದಿ ಹೆರೊಡೊಟಸ್‌ನಲ್ಲಿಯೇ ಇದೆ. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ದ್ವೀಪವಾಸಿಗಳಲ್ಲೆಲ್ಲ ಅತಿ ಶ್ರೀಮಂತರು ಇವರೇ. ನೆಲದಲ್ಲಿ ಚಿನ್ನವಿತ್ತು, ಬೆಳ್ಳಿಯಿತ್ತು. ಹುಟ್ಟುವಳಿಯ ಹತ್ತನೆಯ ಒಂದು ಪಾಲಿನಿಂದ ಡೆಲ್ಫಿಯ ದೇವಸ್ಥಾನದಲ್ಲಿ ಒಂದು ಭಂಡಾರದ ಗುಡಿ ಕಟ್ಟಿಸಿದರು. ಅದರ ಕೆತ್ತನೆಯ ಕಲ್ಲುಗಳು ಈಗಲೂ ಡೆಲ್ಫಿಯ ವಸ್ತುಸಂಗ್ರಹಾಲಯದಲ್ಲಿವೆ. ಉಳಿದದ್ದನ್ನು ವರ್ಷವರ್ಷ ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರಂತೆ. ಈ ಒಂದು ಮಾತನ್ನು ನಾನು ಎರಡು ಸಲ ಓದಿದೆ. ಗಣಿಯ ಹುಟ್ಟುವಳಿ ಊರಿನವರಿಗೇ ಹಂಚಿಕೆಯಾದ ಉದಾಹರಣೆ ನಮ್ಮ ಕಡೆ ಯಾರೂ ಕೇಳಿದವರಲ್ಲ. ಈ ಭಾಗ್ಯ ಎಷ್ಟು ದಿನ ಇದ್ದೀತೆಂದು ಸಿಫ್ನೋಸಿನವರು ದೇವವಾಣಿಯನ್ನು ಕೇಳಿದರು. ಕೆಂಪು ದೂತನ ಬಗ್ಗೆ ಎಚ್ಚರವಾಗಿರಿ ಎಂಬ ಒಗಟು ಬಂತು. ಅದು ಬಿಡಿಸುವ ಮೊದಲೇ ಸೇಮೋಸ್ ದ್ವೀಪದಿಂದ ದೇಶಭ್ರಷ್ಟರಾಗಿ ಹೊರಟವರು ಕೆಂಪು ಬಣ್ಣದ ಹಡಗುಗಳಲ್ಲಿ ಬಂದು 10 ಟ್ಯಾಲೆಂಟ್ ಸಾಲ ಕೇಳಿದರು. ಇವರು ಕೊಡಲಿಲ್ಲ. ಅವರು ಹೊಲಗದ್ದೆ ಲೂಟಿ ಮಾಡಿ, ಕಾದಾಡಿ, ಕೊನೆಗೆ 100 ಟ್ಯಾಲೆಂಟ್ ವಸೂಲಿ ಮಾಡಿಕೊಂಡು ಹೋದರು.

ಗಣಿ ಮುಗಿದದ್ದು ಹೇಗೆ ಎಂಬುದನ್ನು ಹೇಳುವವನು ಕ್ರಿಸ್ತಶಕ 2ನೆಯ ಶತಮಾನದ ಪ್ರವಾಸಿ ಬರಹಗಾರ ಪೌಸನಿಯಸ್. ದುರಾಸೆಗೆ ಬಿದ್ದು ದೇವರ ಪಾಲನ್ನು ನಿಲ್ಲಿಸಿದರು, ಸಮುದ್ರ ಉಕ್ಕಿ ಬಂದು ಗಣಿಗಳನ್ನು ಮುಚ್ಚಿತು ಎನ್ನುತ್ತಾನೆ. ದೇವರ ಸಿಟ್ಟು ಹೇಗೋ ಏನೋ, ನೀರಿನ ಮಾತು ಮಾತ್ರ ನನಗೆ ನಂಬಿಕೆ ಬರುವಂಥದು. ಆಗಿಯೋಸ್ ಸೋಸ್ತಿಸ್ ಎಂಬಲ್ಲಿ ಹಳೆಯ ಸುರಂಗಗಳು ಇಂದಿಗೂ ಕಡಲಂಚಿನಲ್ಲೇ ಇವೆ. ಆಳಕ್ಕೆ ಹೋದ ಗಣಿಯ ಕೊನೆಯ ಶತ್ರು ಯಾವಾಗಲೂ ನೀರು. ಎತ್ತಿ ಹೊರಹಾಕುವ ಖರ್ಚು ಹುಟ್ಟುವಳಿಯನ್ನು ಮೀರಿದ ದಿನ ಅದು ಸದ್ದಿಲ್ಲದೆ ಮೇಲೇರುತ್ತದೆ. ನಮ್ಮಲ್ಲಿ ಆ ದಿನ ಬಂದದ್ದು 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ. ಪಂಪುಗಳು ನಿಂತವು, ಚಾಂಪಿಯನ್ ರೀಫ್‌ನ 3 ಕಿಲೋಮೀಟರ್‌ಗೂ ಹೆಚ್ಚು ಆಳದ ಬಾವಿಗಳು ಕೆಳಗಿನಿಂದ ತುಂಬುತ್ತ ಬಂದವು.

ಊರಿಗಾಂ ಎಂಬ ಹೆಸರು ಇಂಗ್ಲಿಷಿನವರ ದಾಖಲೆಗೆ ಬಂದದ್ದು 1802ರ ಸುಮಾರಿಗೆ. ಟಿಪ್ಪುವಿನ ಪತನದ ನಂತರ ಮೈಸೂರಿನ ಪೂರ್ವದ ಗಡಿ ಗುರುತಿಸಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್, ಇಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ಕೇಳಿ, ತೋರಿಸಿಕೊಟ್ಟವರಿಗೆ ಇನಾಮು ಎಂದ. ಊರಿಗಾಂನವರು ಗಾಡಿಯಲ್ಲಿ ಮಣ್ಣು ತಂದು ಅವನೆದುರಿಗೇ ತೊಳೆದು ಚಿನ್ನದ ಪುಡಿ ತೋರಿಸಿದರು. ಮಾರಿಕುಪ್ಪಂ ಕಡೆ ಜನ ಗುಂಡಿಗೆ ಇಳಿದು ಕಲ್ಲು ತರುವುದನ್ನೂ ಅವನು ನೋಡಿದ. ಈ ವರದಿಯನ್ನು ಎಷ್ಟೋ ವರ್ಷಗಳ ಮೇಲೆ ಓದಿದ ಮೈಕೆಲ್ ಲೆವೆಲ್ ಎಂಬ ಐರಿಶ್ ಮೂಲದ ನಿವೃತ್ತ ಸಿಪಾಯಿ 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಬಂದ. ನ್ಯೂಜಿಲೆಂಡಿನಲ್ಲಿ ಚಿನ್ನದ ಹುಡುಕಾಟ ಕಂಡು ಬಂದವನು. ಪರವಾನಗಿ ಸಿಕ್ಕಿತು, ಚಿನ್ನ ಅವನಿಗೆ ಒಲಿಯಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ ಆದದ್ದು ಎಲ್ಲರಿಗೂ ಗೊತ್ತು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ.

ಈ ಕಥೆಯಲ್ಲಿ ನನಗೆ ಬೇಕಾದದ್ದು ಸದ್ದು. ಸದ್ದಿಲ್ಲದಿರುವುದೇ ಒಂದು ಊರಿನ ಗುಣವಾದರೆ, ಮೊದಲು ಅಲ್ಲಿ ಏನು ಸದ್ದಿತ್ತು ಎಂದು ಕೇಳಬೇಕಲ್ಲ. ಊರಿಗಾಂನಲ್ಲಿ ಪಾಳಿಗೊಂದು ಸೈರನ್. ನಮ್ಮ ಬೀದಿಯಲ್ಲಿ ಅದನ್ನು ತಮಿಳಿನಲ್ಲಿ ಸಂಗು ಎನ್ನುತ್ತಿದ್ದರು. ಅಪ್ಪ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಮನೆಯಲ್ಲಿ ಕನ್ನಡ, ಬಾಗಿಲಾಚೆ ತಮಿಳು, ಹಾಲಿನವಳ ಜೊತೆ ತೆಲುಗು. ಸಂಗು ಕೂಗಿದರೆ ಅಮ್ಮ ಒಲೆಗೆ ಅಕ್ಕಿ ಇಡುತ್ತಿದ್ದಳು, ಗಡಿಯಾರ ನೋಡುತ್ತಿರಲಿಲ್ಲ. ರಾತ್ರಿ ಮಂಚದ ಕಾಲು ನಡುಗಿ, ಸ್ಟೀಲ್ ಪಾತ್ರೆಗಳು ಒಂದಕ್ಕೊಂದು ತಾಗಿ ಶಬ್ದವಾದರೆ ಅದು ಭೂಕಂಪವಲ್ಲ ಎಂದು ಮಕ್ಕಳಿಗೂ ಗೊತ್ತಿತ್ತು. ಕೆಳಗೆ ಬಂಡೆ ಸಿಡಿದಿದೆ. ಚಿನ್ನ ತೆಗೆದ ಪೊಳ್ಳಿನ ಮೇಲೆ ಬೆಟ್ಟದ ಭಾರ ಕೂತು ಬಂಡೆ ತಾನಾಗಿ ಒಡೆಯುವುದು ಕೋಲಾರದ ಗಣಿಯ ದೊಡ್ಡ ಶಾಪ. ಅಂಥ ರಾತ್ರಿ ಬೀದಿಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಆ ಪಾಳಿಗೆ ಇಳಿದವರ ಮನೆಯ ಹೆಂಗಸರು ಗಣಿಯ ಬಾಯಿಯ ಕಡೆ ನಡೆಯುವ ಚಪ್ಪಲಿಯ ಸದ್ದಷ್ಟೇ ಕೇಳುತ್ತಿತ್ತು.

ಇಲ್ಲೊಂದು ಸಣ್ಣ ಸ್ವಾರಸ್ಯ ಹೇಳದೆ ಮುಂದೆ ಹೋಗಲಾರೆ. ಇದೇ ಗಣಿಯನ್ನು ನಿಶ್ಶಬ್ದಕ್ಕಾಗಿ ಹುಡುಕಿಕೊಂಡು ಬಂದವರೂ ಇದ್ದರು. 1960ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರೊಡನೆ ಚಾಂಪಿಯನ್ ರೀಫ್‌ನ ಆಳದಲ್ಲಿ ಉಪಕರಣ ಇಟ್ಟರು. ಮೇಲಿನಿಂದ ಸುರಿಯುವ ಕಾಸ್ಮಿಕ್ ಕಿರಣಗಳ ಗದ್ದಲವನ್ನು ಎರಡು ಕಿಲೋಮೀಟರ್‌ಗೂ ಹೆಚ್ಚಿನ ಬಂಡೆ ಸೋಸಿಬಿಡುತ್ತಿತ್ತು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣದ ಸುಳಿವನ್ನು ಅಲ್ಲಿ ಹಿಡಿದರು. ಅದೇ ಕತ್ತಲಲ್ಲಿ, ಇನ್ನೂ ಕೆಳಗೆ, ಬಂಡೆಯ ಶಾಖ 60 ಡಿಗ್ರಿ ದಾಟುವ ಕಡೆ, ಕಿವಿ ಕಿವುಡಾಗಿಸುವ ಡ್ರಿಲ್ ಹಿಡಿದು ಜನ ನಿಂತಿದ್ದರು.

ಹಾಗಾದರೆ ಗಣಿಯವರು ಬಿಡುವಿಗೆ ಎಲ್ಲಿಗೆ ಹೋಗುತ್ತಿದ್ದರು? ಅಧಿಕಾರಿಗಳಿಗೆ ಊರಲ್ಲೇ ಕ್ಲಬ್ಬಿತ್ತು, ಗಾಲ್ಫ್ ಮೈದಾನವಿತ್ತು, ಹೆಂಚಿನ ಬಂಗಲೆಗಳಿಗೆ ಹೂತೋಟವಿತ್ತು. ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಜೊತೆಗೆ ಬೇತಮಂಗಲ. ಊರಿಗಾಂನಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಪಾಲಾರ್ ಹೊಳೆಗೆ ಕಟ್ಟಿದ ದೊಡ್ಡ ಕೆರೆ. ನಮ್ಮ ಬಯಲುಸೀಮೆಯಲ್ಲಿ ದ್ವೀಪವಿಲ್ಲ. ಆದರೆ ಸುತ್ತ ಕೆಂಪು ನೆಲ, ಜಾಲಿ, ಬಂಡೆ, ನಡುವೆ ಇಷ್ಟಗಲ ನೀರು ಎಂದರೆ ದ್ವೀಪವನ್ನು ಒಳಹೊರಗಾಗಿ ತಿರುವಿ ಹಾಕಿದ ಹಾಗೆ.

ಆ ಕೆರೆ ಗಣಿಗಿಂತ ಬಹಳ ಹಳೆಯದು. ಶಾಸನಗಳಲ್ಲಿ ಊರಿನ ಹೆಸರು ವಿಜಯಾದಿತ್ಯಮಂಗಲ. ಒಡೆದುಹೋಗಿದ್ದ ಕೆರೆಯನ್ನು 10ನೆಯ ಶತಮಾನದಲ್ಲಿ ನೊಳಂಬರ ಕಾಲದಲ್ಲಿ ಕಟ್ಟಿಸಿದರು, ಮತ್ತೆ 12ನೆಯ ಶತಮಾನದಲ್ಲಿ ಹೊಯ್ಸಳರ ಕಾಲದಲ್ಲಿ ದುರಸ್ತಿಯಾಯಿತು. ಕೆಳಗಿನ ಗದ್ದೆಗಳಿಗೆ ನೀರು ಹಾಯಿಸಲು ಕಟ್ಟಿದ ಕೆರೆ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ಚಿನ್ನದ ಗಣಿಯ ನೀರಿನ ತೊಟ್ಟಿಯಾಯಿತು. ಸಾವಿರಾರು ಜನ ಬಂದು ಸೇರಿದ ಊರಿಗೆ ಕುಡಿಯುವ ನೀರೇ ಇರಲಿಲ್ಲ. ಮೈಸೂರು ಸರ್ಕಾರ ಬೇತಮಂಗಲದಲ್ಲಿ ನೀರಿನ ಕಾರ್ಖಾನೆ ಕಟ್ಟಿ, ಸೋಸಿದ ನೀರನ್ನು ಪಂಪು ಮಾಡಿ ಗಣಿಗೆ ಕಳಿಸಿತು. ಬಂಗಲೆಗಳಿಗೆ ಮನೆಯೊಳಗೆ ನಲ್ಲಿ, ಕೂಲಿ ಲೈನುಗಳಿಗೆ ಬೀದಿ ನಲ್ಲಿ.

ಕುಡಿಯುವ ನೀರಾದ್ದರಿಂದ ಕೆರೆಗೆ ಕಾವಲು ಬಂತು. ದನ ತೊಳೆಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಹೀಗೆ ಕಾವಲಿಟ್ಟು ಶುದ್ಧವಾಗಿಟ್ಟ ದಡಕ್ಕೆ ಭಾನುವಾರ ಗಣಿಯ ಸಾಹೇಬರ ಕುಟುಂಬಗಳು ದೋಣಿ ವಿಹಾರಕ್ಕೆ, ಬುತ್ತಿ ಊಟಕ್ಕೆ ಬರುತ್ತಿದ್ದವು. ಆಂಗ್ಲೊ ಇಂಡಿಯನ್ ಕುಟುಂಬಗಳ ನೆನಪುಗಳಲ್ಲಿ ಬೇತಮಂಗಲ ಅಂದರೆ ಇವತ್ತಿಗೂ ನೆರಳು, ನೀರು, ಸದ್ದಿಲ್ಲದ ಮಧ್ಯಾಹ್ನ. ಅವರ ನೆನಪನ್ನು ನಾನು ಹಗುರ ಮಾಡುತ್ತಿಲ್ಲ. ವಾರವಿಡೀ ಆ ಸದ್ದಿನಲ್ಲಿದ್ದವರಿಗೆ ಆ ಮಧ್ಯಾಹ್ನ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತು. ಆದರೆ ಆ ನಿಶ್ಶಬ್ದ ತಾನಾಗಿ ಇದ್ದದ್ದಲ್ಲ. ಊರಿನ ದನವನ್ನೂ ಅಗಸರನ್ನೂ ದೂರ ಇಟ್ಟದ್ದರಿಂದ ಆದದ್ದು.

ನೆಲದಡಿಗೆ ಇಳಿಯುವವರ ರಜೆ ಬೇರೆ ಥರ. ಅವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯ ಹಳ್ಳಿಗಳಿಂದ ಬಂದವರು, ಬಹುಪಾಲು ದಲಿತರು. ಹಳ್ಳಿಯ ಜಾತಿಯಿಂದ, ಹಸಿವಿನಿಂದ ತಪ್ಪಿಸಿಕೊಂಡು ಬಂದು ಬಿದಿರು ತಟ್ಟಿಯ ಗುಡಿಸಲಲ್ಲಿ ನೆಲೆಯಾದವರು. ಒಂದು ಅರ್ಥದಲ್ಲಿ ಗಣಿಯೇ ಅವರ ತಪ್ಪಿಸಿಕೊಳ್ಳುವ ಜಾಗ. ಪೊಂಗಲ್‌ಗೆ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಟ್ರಂಕು ಹೊತ್ತು ನಿಲ್ಲುತ್ತಿದ್ದರು. ಹಳ್ಳಿಯಲ್ಲಿ ಹತ್ತು ದಿನ ಇದ್ದು ಬಂದವರ ಕೆಮ್ಮು ಸ್ವಲ್ಪ ಇಳಿದಿರುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು. 1940ರ ದಶಕದಲ್ಲಿ ಗಣಿಯ ಕೆಲಸಗಾರರ ಎದೆಯ ಎಕ್ಸರೆ ತೆಗೆದು ನೋಡಿದಾಗ ಶೇಕಡ 40ಕ್ಕೂ ಹೆಚ್ಚು ಮಂದಿಗೆ ಕಲ್ಲುಪುಡಿಯ ಸಿಲಿಕೋಸಿಸ್ ಇತ್ತು.

ಸಾಹೇಬರಲ್ಲಿಯೂ ಎಲ್ಲರೂ ಸಾಹೇಬರಲ್ಲ. ನೆಲದಡಿಯ ಮೇಸ್ತ್ರಿಗಳಾಗಿ ಬಂದವರಲ್ಲಿ ತುಂಬಾ ಜನ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. 1860ರ ದಶಕದಲ್ಲಿ ಅಲ್ಲಿ ತಾಮ್ರದ ಬೆಲೆ ಕುಸಿದು ಗಣಿಗಳು ಮುಚ್ಚಿದಾಗ, ಬೇರೆ ದಾರಿಯಿಲ್ಲದೆ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಕೋಲಾರ ಎಂದು ಚದುರಿದರು. ಕಾರ್ನ್‌ವಾಲ್‌ನ ಕೊನೆಯ ತವರದ ಗಣಿ 1998ರಲ್ಲಿ ನಿಂತಿತು, ನಮ್ಮದಕ್ಕೆ ಮೂರು ವರ್ಷ ಮೊದಲು. 2006ರಲ್ಲಿ ಅಲ್ಲಿನ ಪಾಳು ಎಂಜಿನ್ ಮನೆಗಳು ಯುನೆಸ್ಕೋ ಪಟ್ಟಿ ಸೇರಿದವು. ಇಂದು ಅದು ಇಂಗ್ಲಿಷರು ಬೇಸಿಗೆಯಲ್ಲಿ ಸುಮ್ಮನಿರಲು ಹೋಗುವ ಕಡಲತೀರ.

ಸೆರಿಫೋಸಿನ ಸೇತುವೆಗೆ ಬರೋಣ. 19ನೆಯ ಶತಮಾನದ ಕೊನೆಗೆ ಅಲ್ಲಿ ಕಬ್ಬಿಣದ ಅದಿರಿನ ಗಣಿ ಗ್ರೋಮನ್ ಎಂಬ ಜರ್ಮನ್ ಕುಟುಂಬದ ಕೈಗೆ ಬಂತು. ದುಡಿತಕ್ಕೆ ಹೊತ್ತಿನ ಮಿತಿಯಿಲ್ಲ, ಸುರಂಗ ಕುಸಿದು ಸತ್ತವರಿಗೆ ಲೆಕ್ಕವಿಲ್ಲ. ಆ ದ್ವೀಪದಲ್ಲೇ ಹುಟ್ಟಿದ ಕಾನ್ಸ್ಟಾಂಟಿನೋಸ್ ಸ್ಪೇರಾಸ್ ಕೆಲಸಗಾರರ ಸಂಘ ಕಟ್ಟಿದ. 1916ರ ಆಗಸ್ಟ್‌ನಲ್ಲಿ ಅವರು ಮೆಗಾಲೊ ಲಿವಾದಿಯಲ್ಲಿ ನಿಂತಿದ್ದ ಹಡಗಿಗೆ ಅದಿರು ತುಂಬುವುದಿಲ್ಲ ಎಂದು ಕೂತುಬಿಟ್ಟರು. ಪೊಲೀಸರು ಗುಂಡು ಹಾರಿಸಿದರು, ನಾಲ್ಕು ಮಂದಿ ಸತ್ತರು. ಗಂಡಸರೂ ಹೆಂಗಸರೂ ಕಲ್ಲು ಹಿಡಿದು ತಿರುಗಿಬಿದ್ದರು, ಪೊಲೀಸರ ಕಡೆಯೂ ಸಾವಾಯಿತು. 1960ರ ದಶಕದಲ್ಲಿ ಗಣಿ ಮುಚ್ಚಿತು. ಕಂಪನಿಯ ಕಚೇರಿಯ ಕಂಬಗಳ ಕಟ್ಟಡ ಮಾಡು ಕಳಚಿಕೊಂಡು ನಿಂತಿದೆ. ನಾಲ್ವರ ನೆನಪಿನ ಕಲ್ಲೂ ಅಲ್ಲೇ ಇದೆ. ಅಕ್ಕನ ಮಗಳು ಕಳಿಸಿದ ಚಿತ್ರದಲ್ಲಿ ಸೇತುವೆ ಇತ್ತು, ಕಲ್ಲು ಇರಲಿಲ್ಲ.

ನಮ್ಮಲ್ಲೂ 1930ರಲ್ಲಿ ಬೆರಳಚ್ಚಿನ ವಿರುದ್ಧ ಮುಷ್ಕರ ನಡೆದಿತ್ತು. ಕೆಲಸಗಾರರೆಲ್ಲ ಹೆಬ್ಬೆಟ್ಟು ಒತ್ತಿ ಹೆಸರು ದಾಖಲಿಸಿಕೊಳ್ಳಬೇಕು ಎಂದಾಗ, ನಾವೇನು ಅಪರಾಧಿಗಳೇ ಎಂದು ಮೂರು ವಾರ ಗಣಿಗೆ ಇಳಿಯಲಿಲ್ಲ. 1946ರ ನವೆಂಬರ್‌ನಲ್ಲಿ ಪೊಲೀಸರ ಕೈಯಲ್ಲಿ ಆರು ಮಂದಿ ಕಾರ್ಮಿಕರು ಸತ್ತರು. ಪ್ರತಿವರ್ಷ ನವೆಂಬರ್ 4ರಂದು ಅವರ ಸ್ಮಾರಕಕ್ಕೆ ಹೂವಿಡುತ್ತಾರೆ. ಹೂವಿಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ವಯಸ್ಸಾಗಿದೆ. ಕೆಜಿಎಫ್ ಎಂದರೆ ಈಗ ದೇಶಕ್ಕೆಲ್ಲ ನೆನಪಾಗುವುದು 2018ರ ಸಿನಿಮಾ. ಅದರ ಸೆಟ್ಟು ಹಾಕಿದ್ದು ಇಲ್ಲಿನ ಸೈನೈಡ್ ದಿಬ್ಬದ ಮೇಲೆ. ಸಿನಿಮಾ ನೋಡಿ ಬಂದ ಹುಡುಗರು ದಿಬ್ಬ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ದಿಬ್ಬದ ಪುಡಿ ಒಣಗಾಳಿಗೆ ಎದ್ದು ಲೈನು ಮನೆಗಳ ಅಡಿಗೆಯ ಮೇಲೆ ಕೂರುವುದನ್ನು ನೋಡಲು ಆಷಾಢದಲ್ಲಿ ಬರಬೇಕು.

ಅಂಥ ದಿಬ್ಬಗಳು 13, ಸುಮಾರು 330 ಲಕ್ಷ ಟನ್ ಪುಡಿ. ಉಳಿದ ಚಿನ್ನಕ್ಕಾಗಿ ಅವನ್ನು ಮತ್ತೆ ತೋಡುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಬೇಡ, ಹಾಗೇ ಬಿಡಿ, ಪ್ರವಾಸೋದ್ಯಮ ಮಾಡೋಣ ಎನ್ನುವವರೂ ಇದ್ದಾರೆ. ಹಳೆಯ ಬಂಗಲೆಗಳು ಹೋಮ್‌ಸ್ಟೇ ಆಗಲಿ, ಗಣಿಯ ಬಾಯಿಗೆ ಬೆಳಕು ಹಾಕಲಿ, ಬೇತಮಂಗಲದಲ್ಲಿ ಮತ್ತೆ ದೋಣಿ ಬಿಡಲಿ. ನನಗೆ ಇದರಲ್ಲಿ ತಕರಾರಿಲ್ಲ. ಸಿಫ್ನೋಸಿನ ಜನ ಮಣ್ಣಿನ ಮಡಕೆ ಮಾಡಿಕೊಂಡು, ಶನಿವಾರ ರಾತ್ರಿ ಕಡಲೆಯ ಸಾರನ್ನು ಊರಿನ ಒಲೆಯಲ್ಲಿ ಬೇಯಲು ಇಟ್ಟು ಭಾನುವಾರ ಉಣ್ಣುತ್ತ, ಬಂದವರಿಗೂ ಬಡಿಸುತ್ತ ಬದುಕಿದ್ದಾರೆ. ಗಣಿ ಮುಳುಗಿ 2,000 ವರ್ಷಕ್ಕೂ ಹೆಚ್ಚಾಯಿತು, ಅಷ್ಟು ಹೊತ್ತಿನಲ್ಲಿ ಗಾಯ ಮಾಯುತ್ತದೆ. ಸೆರಿಫೋಸಿಗೆ 60 ವರ್ಷ. ನಮಗೆ 25 ವರ್ಷವೂ ಈಗಷ್ಟೇ. ಕೆಲಸ ಕಳೆದುಕೊಂಡವರು ಇನ್ನೂ ಇಲ್ಲೇ ಇದ್ದಾರೆ, ತಾವು ಹುಟ್ಟಿದ ಲೈನು ಮನೆಯ ಹಕ್ಕುಪತ್ರಕ್ಕೆ ಅರ್ಜಿ ಹಿಡಿದುಕೊಂಡು. ಅವರ ಹೆಸರಿಲ್ಲದ ಬಂಗಲೆಯ ಹೋಮ್‌ಸ್ಟೇಯಲ್ಲಿ ಇವರೇ ಕಾಫಿ ತರುವವರಾಗಬಾರದು, ಅಷ್ಟೇ.

ನೋಡಬೇಕೆಂದರೆ ಬನ್ನಿ. ಬೆಂಗಳೂರಿನಿಂದ ಬಂಗಾರಪೇಟೆ, ಅಂದರೆ ಹಳೆಯ ಬೌರಿಂಗ್‌ಪೇಟೆ. ಅಲ್ಲಿಂದ 1894ರಲ್ಲಿ ಗಣಿಗಾಗಿಯೇ ಹಾಕಿದ ಕವಲು ಹಳಿ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಊರಿಗಾಂನಲ್ಲಿ ಇಳಿದು ಹಳಿಯ ಪಕ್ಕ ನಡೆದರೆ ದಿಬ್ಬ, ಕಲ್ಲಿನ ಚರ್ಚು, ತುಕ್ಕು ಹಿಡಿದ ಗಣಿ ಗೋಪುರ, ಬೀಗ ಹಾಕಿದ ಬಂಗಲೆ ಎಲ್ಲ ಕಾಣುತ್ತವೆ. ಮಧ್ಯಾಹ್ನ 12ಕ್ಕೆ ಬೀದಿಯಲ್ಲಿ ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ, ಪ್ರವಾಸದ ಪುಟದವರು ಮೆಚ್ಚುವಷ್ಟು ಶಾಂತ. ಎಲ್ಲರೂ ಬೆಳಗಿನ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾರೆ. ನೀವು ಬರುವ ಹೊತ್ತಿನ ಗಾಡಿ ಎದುರು ದಿಕ್ಕಿನದಾದ್ದರಿಂದ ಖಾಲಿ ಇರುತ್ತದೆ, ಕಿಟಕಿ ಪಕ್ಕ ಸೀಟು ಸಿಗುತ್ತದೆ. ಹೊರಡುವುದನ್ನು ಸ್ವಲ್ಪ ತಡಮಾಡಿ ರಾತ್ರಿ ಒಂಬತ್ತರವರೆಗೆ ಇದ್ದರೆ, ಆ ಗಾಡಿಗಳಿಂದ ಊರು ಮತ್ತೆ ಇಳಿದು ಬರುವುದನ್ನೂ ನೋಡಬಹುದು.